ಡಿಗ್ರಿ

ಬೆಳಗ್ಗೆ ಆರಕ್ಕೆ ಕೀಲಾರದ ಮಹಿಳಾ ಡೈರಿಯಲ್ಲಿ
ಕ್ಯಾನಿನ ಮುಚ್ಚಳ ತೆಗೆಯೋ ಮೊದಲೇ ಗೊತ್ತಾಗುತ್ತೆ ನನಗೆ
ಯಾರು ನೀರು ಬೆರೆಸಿದ್ದಾರೆ ಅಂತ.
ತಂದವಳ ಕಣ್ಣು ನೋಡಿದರೆ ಸಾಕು.
ಆಮೇಲೆ ಡಿಗ್ರಿ.

ರಾತ್ರಿ ಒಂಬತ್ತಕ್ಕೆ ಅದೇ ಕೆಲಸ, ಟಿವಿ ಮುಂದೆ.
ಮನೆಯವರು ಲಾರಿ ಮೇಲೆ, ಬರೋದು ಸೋಮವಾರ.
ನಾದಿನಿ ವಿನುತ ಮೊಬೈಲಿಂದ ಹಾಕ್ತಾಳೆ
ಒಬ್ಬರೇ ನಿಂತು ಒಂದು ಗಂಟೆ ನಗಿಸೋರ ಆಟ:
ಒಂದು ಮೈಕು, ಒಂದು ಸ್ಟೂಲು,
ಸ್ಟೂಲಿನ ಮೇಲೊಂದು ನೀರಿನ ಬಾಟಲು.
ಹಳೇ ಬಿಲ್ ಬುಕ್ಕಿನ ಬೆನ್ನಿಗೆ ಗೆರೆ ಎಳೆದು
ಬರೀತೀನಿ ನಾನು: ಹೆಸರು, ಫ್ಯಾಟು, ಎಸ್ಸೆನ್ನೆಫ್ಫು.
ಫ್ಯಾಟು ಅಂದ್ರೆ ಎಷ್ಟು ನಕ್ಕೆವು.
ಎಸ್ಸೆನ್ನೆಫ್ಫು ಅಂದ್ರೆ
ಮಾರನೇ ದಿನ ಪಾತ್ರೆ ಉಜ್ಜೋವಾಗ
ಎಷ್ಟು ಉಳಿದಿತ್ತು.

ಮೊದಲನೆಯವನು ಬೆಂಗಳೂರವನು, ಚೂಪು ಗಡ್ಡ.
ಟ್ರಾಫಿಕ್ಕು, ಟ್ರಾಫಿಕ್ಕು, ಮತ್ತೆ ಟ್ರಾಫಿಕ್ಕು.
ನಮ್ಮಲ್ಲಿ ಟ್ರಾಫಿಕ್ಕು ಅಂದ್ರೆ
ಕಬ್ಬಿನ ಗಾಡಿ ಹಿಂದೆ ಇನ್ನೊಂದು ಕಬ್ಬಿನ ಗಾಡಿ,
ಹಿಂದಿನ ಎತ್ತು ಮುಂದಿನ ಗಾಡಿಯ ಸೋಗೆ ಎಳೆದು ತಿನ್ನುತ್ತಾ
ಯಾರಿಗೂ ಅವಸರವಿಲ್ಲ.
ಮೂರು ಪಾಯಿಂಟ್ ಎರಡು. ವಾಪಸ್ ಕಳಿಸೋ ಹಾಲು.

ಎರಡನೆಯವಳು ಮೈಸೂರಿನ ಹುಡುಗಿ, ಹೆಗಲ ಮೇಲೆ ಕತ್ತರಿಸಿದ ಕೂದಲು,
ತನ್ನ ಮದುವೆ ಮುರಿದದ್ದನ್ನೇ ಹೇಳಿ ನಗಿಸಿದಳು.
ವಿನುತ ಚಾಪೆ ಮೇಲೆ ಉರುಳಾಡಿ ನಕ್ಕಳು.
ನನ್ನ ಕಣ್ಣು ಮಾತ್ರ ಅವಳ ಕೈ ಮೇಲೆ:
ಪ್ರತಿ ಸಲ ಆ ಗಂಡನ ಹೆಸರು ಬರೋ ಮುಂಚೆ
ಮೈಕಿನ ವೈರನ್ನ ಬೆರಳಿಗೆ ಒಂದು ಸುತ್ತು
ಸುತ್ತಿಕೊಳ್ಳುತ್ತಿದ್ದಳು.
ಫ್ಯಾಟು ನಾಲ್ಕೂವರೆ.
ಎಸ್ಸೆನ್ನೆಫ್ಫು ಬರೆಯೋಕೆ ಎರಡು ದಿನ ಹಿಡೀತು.

ಇಂಗ್ಲಿಷಿನವನೊಬ್ಬ. ವಿನುತ ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿದಳು.
ನಿಲ್ಲಿಸಿದ ನಗು ಒಡೆದ ಹಾಲು,
ಗಿಣ್ಣೂ ಅಲ್ಲ, ಮೊಸರೂ ಅಲ್ಲ.
ಅತ್ತೆ ಮಾತ್ರ ಅವನೇ ವಾಸಿ ಅಂದರು.

ಅತ್ತೆಗೆ ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿ ಅರ್ಧ. ಬೇಕಾದ ಅರ್ಧ.
ಗೋಡೆಗೆ ಒರಗಿ ನೆನೆಸಿದ ಅವರೆಕಾಳು ಹಿದುಕುತ್ತಾ,
‘ಮಾತು ಯಾಕೆ ಬೇಕು? ನೋಡು,
ಸುಳ್ಳು ಹೇಳೋ ಮುಂಚೆ ನೀರು ಕುಡೀತಾನೆ ಅವನು.
ಮಿಕ್ಕೋರು ಕುಡಿಯಲ್ಲ, ಬೆರೆಸ್ತಾರೆ.’

ಹತ್ತು ವರ್ಷ ಡೈರಿಯಲ್ಲಿ ಕೂತವಳು ನಾನು!

ನಿನ್ನೆ ನಾಲ್ಕನೆಯವನು, ದಾವಣಗೆರೆ ಕಡೆಯವನು,
ಇದ್ದಕ್ಕಿದ್ದಂಗೆ ಅತ್ತೆ ಸೊಸೆ ಜೋಕಿಗೆ ಇಳಿದ.
ಸೊಸೆ ಹಾಕಿಲ್ಲ ಅಂತ ಅತ್ತೆ ಸಾರಿಗೆ ಉಪ್ಪು ಹಾಕ್ತಾಳೆ,
ಅತ್ತೆ ಹಾಕಿದ್ದು ಗೊತ್ತಿದ್ದೂ ಸೊಸೆ ಹಾಕ್ತಾಳೆ,
ಮಗ ಉಣ್ತಾನೆ, ಇಬ್ಬರ ಮುಖ ನೋಡ್ತಾನೆ,
‘ಚೆನ್ನಾಗಿದೆ’ ಅಂತಾನೆ.
ವಿನುತ ಸೌಂಡು ತಗ್ಗಿಸೋಕೆ ಮೊಬೈಲು ತಡಕಿದಳು.
ನಾನು ಬಿಲ್ ಬುಕ್ಕಿಗೆ ತಲೆ ಬಗ್ಗಿಸಿದೆ.
ನಗು ಬಂದಿತ್ತು, ಸುಳ್ಳು ಯಾಕೆ,
ಉಕ್ಕೋ ಮುಂಚೆ ಹಾಲು ಅಂಚಿಗೆ ಬಂದು ನಡುಗುತ್ತಲ್ಲ,
ಹಾಗೆ.

ಗೋಡೆ ಕಡೆಯಿಂದ ಸದ್ದು.
ಅತ್ತೆ! ಹಲ್ಲಿಲ್ಲದ ಬಾಯಿ ಅಷ್ಟಗಲ,
ಮಡಿಲ ಮೊರದಿಂದ ಕಾಳು ಚೆಲ್ಲಾಪಿಲ್ಲಿ.
‘ನಮ್ಮತ್ತೆ... ಉಪ್ಪು ಹಾಕೋದಾ? ಬೀಗ ಹಾಕ್ತಿದ್ಲು ಕಣೇ
ಉಪ್ಪಿನ ಮಡಕೆ ಇದ್ದ ಕೋಣೆಗೆ!
ನಾನು ಏರಿ ಮೇಲೆ ಕೂತ್ಕಂಡು ಸಪ್ಪೆ ಮುದ್ದೆ ನುಂಗ್ತಾ ನುಂಗ್ತಾ,
ಒಂದಿನ...’
ಒಂದಿನ ಏನಾಯ್ತು ಹೇಳಲಿಲ್ಲ.
ನಗು ಬಿಡಲಿಲ್ಲ.
ಅವರೆ ಸೊಗಡಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು.

ಪರದೆ ಮೇಲಿನವನು ಮುಂದಿನ ಜೋಕಿಗೆ ಹೋಗಿದ್ದ, ಪಾಪ,
ಯಾರೂ ಕೇಳಲಿಲ್ಲ.

ಹೆಸರು ಅಂತಿರೋ ಕಡೆ ಸಣ್ಣಮ್ಮ ಅಂತ ಬರೆದೆ.
ಹದಿನಾಲ್ಕು ವರ್ಷದಲ್ಲಿ ಆ ಹೆಸರು ನಾನು ಬರೆದದ್ದು
ರೇಷನ್ ಕಾರ್ಡಿನ ಅರ್ಜಿಯಲ್ಲಿ ಒಂದೇ ಸಲ.
ಫ್ಯಾಟಿನ ಜಾಗ ಖಾಲಿ ಬಿಟ್ಟೆ,
ಕಥೆ ಇನ್ನೂ ಮುಗಿದಿಲ್ಲ.

ಬೆಳಗ್ಗೆ ಹಿದುಕುಬೇಳೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.
ಅತ್ತೆ ನನ್ನ ನೋಡಿದರು. ನಾನು ಅತ್ತೇನ.
ಚೆನ್ನಾಗಿದೆ, ಅಂದಳು ವಿನುತ,
ನೀರಿನ ಚೊಂಬು ಹತ್ತಿರಕ್ಕೆ ಎಳೆದುಕೊಂಡು.